ಸಿಂಹಕ್ಕೆ ಬಂದ ನಾಯಿಯ ಬೇನೆ

ನನ್ನ ಬಾಲ್ಯದ ಮನೆಯಲ್ಲಿ ಕರಿಯನೆಂಬ ನಾಯಿಯೊಂದಿತ್ತು. ಸಾಕಿದ್ದೆವೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಅದು ತಾನಾಗಿಯೇ ಬಂದು ಕೊಟ್ಟಿಗೆಯ ಮೂಲೆಯೊಂದನ್ನು ತನ್ನದಾಗಿಸಿಕೊಂಡಿತ್ತು, ನಾವು ಉಳಿದ ಅನ್ನವನ್ನು ಅದಕ್ಕೆ ಹಾಕುತ್ತಿದ್ದೆವು, ಅಷ್ಟೆ. ಒಂದು ಚಳಿಗಾಲದಲ್ಲಿ ಅದರ ಕಣ್ಣು ಮೂಗುಗಳಿಂದ ನೀರು ಸುರಿಯತೊಡಗಿತು. ಕೆಲವು ದಿನ ಕೆಮ್ಮಿತು, ಅನ್ನ ಬಿಟ್ಟಿತು. ಕೊನೆಗೆ ಏನನ್ನೋ ಅಗಿಯುವಂತೆ ದವಡೆಯಾಡಿಸುತ್ತ, ಕಾಲುಗಳನ್ನು ಸೆಟೆಸುತ್ತ ಬಿದ್ದುಕೊಂಡಿತು. ಹುಚ್ಚು ಹಿಡಿದಿದೆಯೆಂದು ಅಜ್ಜಿ ಮಕ್ಕಳನ್ನೆಲ್ಲ ದೂರವಿರಿಸಿದರು. ಮೂರನೆಯ ದಿನ ಅದು ಸತ್ತಿತು. ಅದು ಮೂಸಿ ಬಿಟ್ಟ ಅನ್ನವನ್ನು ಬೀದಿಯ ನಾಯಿಗಳು ಬಂದು ನೆಕ್ಕಿಹೋಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ತಡೆಯಬೇಕೆಂದು ಯಾರಿಗೂ ತೋರಲಿಲ್ಲ. ಆ ತಿಂಗಳು ನಮ್ಮ ಕೇರಿಯಲ್ಲಿ ಇನ್ನೂ ನಾಲ್ಕೈದು ನಾಯಿಗಳು ಸತ್ತವು.

ಅದು ಹುಚ್ಚಲ್ಲ, ಡಿಸ್ಟೆಂಪರ್ ಎಂಬ ರೋಗವಾಗಿರಬೇಕೆಂದು ಬಹು ವರ್ಷಗಳ ತರುವಾಯ ಪಶುವೈದ್ಯ ಮಿತ್ರರೊಬ್ಬರು ತಿಳಿಸಿದರು. ಕೇಳಿ ಮರೆತಿದ್ದೆ. 2018ರ ಅಕ್ಟೋಬರಿನಲ್ಲಿ ಪತ್ರಿಕೆಯನ್ನು ತೆರೆದಾಗ ಆ ಹೆಸರು ಮತ್ತೆ ಕಣ್ಣಿಗೆ ಬಿತ್ತು. ಗುಜರಾತಿನ ಗಿರ್ ಅರಣ್ಯದಲ್ಲಿ ಮೂರು ವಾರಗಳೊಳಗೆ 23 ಸಿಂಹಗಳು ಸತ್ತಿದ್ದವು. ಅವುಗಳಲ್ಲಿ ಹಲವದರ ದೇಹದಲ್ಲಿ ಸಿಕ್ಕಿದ್ದು ಈ ಡಿಸ್ಟೆಂಪರಿನ ವೈರಾಣುವೇ. ಬೀದಿಯ ಬಡ ನಾಯಿಯ ಬೇನೆ ಮೃಗರಾಜನ ಕುಲಕ್ಕೆ ತಗಲಿದುದು ಹೇಗೆ? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಈ ವೈರಾಣುವಿನ ವಂಶ ನಮಗೆ ಅಪರಿಚಿತವಾದುದಲ್ಲ. ಮಕ್ಕಳಿಗೆ ಬರುವ ದಡಾರದ ವೈರಾಣು ಇದರ ಹತ್ತಿರದ ಬಂಧು. ಶತಮಾನಗಳ ಕಾಲ ಹಟ್ಟಿಹಟ್ಟಿಗಳ ದನಕರುಗಳನ್ನು ಬಲಿ ತೆಗೆದುಕೊಂಡು, ಕೊನೆಗೆ ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿತವಾದ ರಿಂಡರ್‌ಪೆಸ್ಟ್ ಇನ್ನೊಂದು ಬಂಧು. ಉಸಿರಿನ ತುಂತುರು, ಮೂಗು ಬಾಯಿಗಳ ದ್ರವ, ಇವೇ ಇದರ ವಾಹನ. ದೇಹವನ್ನು ಹೊಕ್ಕೊಡನೆ ಅದು ಹಿಡಿಯುವುದು ರೋಗಗಳೊಡನೆ ಹೋರಾಡಬೇಕಾದ ರಕ್ತಕಣಗಳನ್ನೇ. ಮೊದಲು ಕಾವಲುಗಾರನನ್ನು ಕೆಡವಿ, ಆಮೇಲೆ ಕನ್ನವಿಕ್ಕುವ ಕಳ್ಳನ ರೀತಿ ಇದು. ಬಳಿಕ ಶ್ವಾಸಕೋಶ, ಕರುಳು, ಕಡೆಗೆ ಮಿದುಳು. ರೋಗ ತಗಲಿದ ಮೇಲೆ ಅದನ್ನು ನೇರವಾಗಿ ಗುಣಪಡಿಸುವ ಮದ್ದಿಲ್ಲ. ಹೊರಗಿನ ಬಿಸಿಲಿನಲ್ಲಿ ಈ ವೈರಾಣು ಬಹು ಹೊತ್ತು ಬದುಕಲಾರದು; ಅದಕ್ಕೆ ಬೇಕಾದುದು ದೇಹಕ್ಕೆ ದೇಹದ ಸಾಮೀಪ್ಯ. ಹುಲಿ, ಚಿರತೆಗಳು ಒಂಟಿಯಾಗಿ ಬಾಳುವ ಪ್ರಾಣಿಗಳು. ಸಿಂಹದ್ದಾದರೋ ಕೂಡುಕುಟುಂಬ. ಒಂದು ಬೇಟೆಯ ಸುತ್ತ ಇಡೀ ಸಂಸಾರ ಮೂತಿಗೆ ಮೂತಿ ತಾಗಿಸಿ ಉಣ್ಣುತ್ತದೆ. ಅದರ ಬಲವಾದ ಒಗ್ಗಟ್ಟೇ ಇಲ್ಲಿ ಅದಕ್ಕೆ ಮುಳುವಾಗುತ್ತದೆ.

ಬೆಕ್ಕಿನ ಜಾತಿಯ ಪ್ರಾಣಿಗಳಿಗೆ ಈ ರೋಗದ ಭಯ ಅಷ್ಟಾಗಿ ಇಲ್ಲವೆಂದು ಬಹುಕಾಲ ನಂಬಲಾಗಿತ್ತು. ಆ ನಂಬಿಕೆಯನ್ನು ಅಲುಗಾಡಿಸಿದ್ದು ಆಫ್ರಿಕದ ಟಾಂಜಾನಿಯಾ ದೇಶದ ಸೆರೆಂಗೆಟಿ. 1994ರಲ್ಲಿ ಅಲ್ಲಿ ಬೆಲೂನಿನಲ್ಲಿ ತೇಲುತ್ತ ವನ್ಯಜೀವಿಗಳನ್ನು ನೋಡಹೊರಟ ಪ್ರವಾಸಿಗರು, ಕೆಳಗೆ ಗಂಡುಸಿಂಹವೊಂದು ಸೆಳೆತದಿಂದ ಒದ್ದಾಡುತ್ತಿದ್ದುದನ್ನು ಕಂಡರು. ಆ ವರ್ಷ ಮುಗಿಯುವುದರೊಳಗೆ ಅಲ್ಲಿನ ಸುಮಾರು 3,000 ಸಿಂಹಗಳಲ್ಲಿ ಮೂರನೆಯ ಒಂದು ಪಾಲು ಇಲ್ಲವಾಗಿತ್ತು. ರೋಗ ಉತ್ತರಕ್ಕೆ ಸರಿದು ಕೆನ್ಯಾದ ಮಸಾಯಿ ಮಾರಾವನ್ನೂ ಹೊಕ್ಕಿತು. ಕತ್ತೆಕಿರುಬ, ಚಿರತೆಗಳಿಗೂ ತಗಲಿತು. ಉದ್ಯಾನದ ಅಂಚಿನ ಹಳ್ಳಿಗಳಲ್ಲಿ ಸಾವಿರಾರು ನಾಯಿಗಳಿದ್ದವು, ಅವುಗಳಲ್ಲಿ ಈ ರೋಗವಿತ್ತು. ಸಿಂಹವೇನೂ ಹಳ್ಳಿಗೆ ಹೋಗಬೇಕಾಗಿರಲಿಲ್ಲ. ಹಳ್ಳಿಯ ಕಸದ ಬಳಿ ಸುಳಿಯುವ ಕತ್ತೆಕಿರುಬ ಸಿಂಹದ ಬೇಟೆಯ ಬಳಿಗೂ ಬರುತ್ತದೆಯಷ್ಟೆ! ಇದನ್ನು ಓದುವಾಗ ನನಗೆ ಕರಿಯನ ಅನ್ನದ ತಟ್ಟೆ ನೆನಪಾಯಿತು.

ಆದರೆ ನಾಯಿಯೊಂದನ್ನೇ ಅಪರಾಧಿಯೆಂದು ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಾಗಲಾರದು. ಸಂಗ್ರಹಿಸಿಟ್ಟಿದ್ದ ಸಿಂಹಗಳ ರಕ್ತವನ್ನು ವಿಜ್ಞಾನಿಗಳು ಮತ್ತೆ ಪರೀಕ್ಷಿಸಿದಾಗ, ಇದೇ ವೈರಾಣು ಹಲವು ಬಾರಿ ಬಂದು ಹೆಚ್ಚೇನೂ ಹಾನಿ ಮಾಡದೆ ಹೋಗಿತ್ತೆಂದು ತಿಳಿದುಬಂದಿತು. ಹಾಗಾದರೆ 1994ರಲ್ಲಿ ಅದು ಮಾರಿಯಾದುದೇಕೆ? ಅದಕ್ಕೆ ಮುಂಚೆ ತೀವ್ರವಾದ ಬರ ಬಿದ್ದಿತ್ತು. ಸೊರಗಿದ ಕಾಡುಕೋಣಗಳ ಮೈತುಂಬ ಉಣ್ಣಿಗಳು. ಅವುಗಳನ್ನು ಕೊಂದು ತಿಂದ ಸಿಂಹಗಳಿಗೆ ಆ ಉಣ್ಣಿಗಳು ಹತ್ತಿ, ಬೆಬೀಸಿಯ ಎಂಬ ರಕ್ತದ ಪರೋಪಜೀವಿಯನ್ನು ತುಂಬಿದವು. ವೈರಾಣು ಬಾಗಿಲು ತೆರೆಯಿತು, ಪರೋಪಜೀವಿ ಒಳನುಗ್ಗಿತು. 2001ರಲ್ಲಿ ನೆರೆಯ ಗೊರೊಂಗೊರೊದಲ್ಲಿಯೂ ಹೀಗೆಯೇ ಆಯಿತು. ಅಲ್ಲದೆ, ಹಳ್ಳಿಯ ನಾಯಿಗಳಿಗೆ ಲಸಿಕೆ ಹಾಕತೊಡಗಿದ ಮೇಲೂ ಸಿಂಹಗಳಿಗೆ ಸೋಂಕು ತಗಲುವುದು ನಿಲ್ಲಲಿಲ್ಲ. ಕಾಡಿನ ಇತರ ಮಾಂಸಾಹಾರಿಗಳಲ್ಲಿಯೂ ಅದು ನೆಲೆಸಿರಬೇಕು. ನಾವು ನಕ್ಷೆಯ ಮೇಲೆ ಎಳೆದ ಅಭಯಾರಣ್ಯದ ಗೆರೆ ಬೇಟೆಗಾರನನ್ನು ತಡೆದೀತು, ಮರಗಳ್ಳನನ್ನು ತಡೆದೀತು; ಉಸಿರನ್ನು ತಡೆಯಲಾರದು.

ಇಷ್ಟಾದರೂ ಸೆರೆಂಗೆಟಿಯ ಸಿಂಹಗಳು ಕೆಲವೇ ವರ್ಷಗಳಲ್ಲಿ ಚೇತರಿಸಿಕೊಂಡವು. ಆ ಬಯಲು ವಿಶಾಲವಾದುದು. ಆಫ್ರಿಕದಲ್ಲಿ ಬೇರೆಡೆಯೂ ಸಿಂಹಗಳಿವೆ. ಗಿರ್ ಅರಣ್ಯದ ಕಥೆ ಹಾಗಲ್ಲ. ಒಂದು ಕಾಲಕ್ಕೆ ಪಶ್ಚಿಮ ಏಷ್ಯದಿಂದ ಉತ್ತರ ಭಾರತದವರೆಗೆ ಹಬ್ಬಿದ್ದ ಏಷ್ಯದ ಸಿಂಹ, ಬೇಟೆಗಾರರ ಕೋವಿಗೆ ಸಿಕ್ಕಿ ಜುನಾಗಢದ ನವಾಬರು ಕಾಪಾಡಿದ ಆ ಒಂದೇ ಕಾಡಿನಲ್ಲಿ ಉಳಿದುಕೊಂಡಿತು. ಅಲ್ಲಿಂದ ಅದು ಬೆಳೆದ ಬಗೆ ನಮ್ಮ ದೇಶಕ್ಕೆ ಅಭಿಮಾನದ ವಿಷಯವೇ ಸರಿ: 2015ರಲ್ಲಿ 523, 2020ರಲ್ಲಿ 674, 2025ರ ಗಣತಿಯಲ್ಲಿ 891. ಆದರೆ ಇವೆಲ್ಲವೂ ಸೌರಾಷ್ಟ್ರವೆಂಬ ಒಂದೇ ಅಂಗಳದವು. ಕೆಲವೇ ಪೂರ್ವಜರಿಂದ ಬಂದವು. ಒಂದೇ ಉಸಿರನ್ನು ಹಂಚಿಕೊಳ್ಳುವವು. 2018ರ ಸಾವುಗಳು ಗಿರ್ ಪೂರ್ವ ವಿಭಾಗದ ದಲ್ಖಾನಿಯಾ ವಲಯದ ಆಚೆಗೆ ಹಬ್ಬಲಿಲ್ಲ. ಸುತ್ತಲಿನ ಸಿಂಹಗಳನ್ನು ಹಿಡಿದು ಪ್ರತ್ಯೇಕವಾಗಿರಿಸಿದರು, ಅಮೆರಿಕದಿಂದ ಲಸಿಕೆ ತರಿಸಿ ಹಾಕಿದರು. ಆ ಶ್ರಮವನ್ನು ಮೆಚ್ಚಬೇಕು. ಆದರೆ ಇನ್ನೊಮ್ಮೆ?

ಅಮೆರಿಕದ ವಯೋಮಿಂಗ್ ಪ್ರಾಂತದ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಅಲ್ಲಿ ಕಪ್ಪು ಪಾದದ ಫೆರೆಟ್ ಎಂಬ, ಮುಂಗುಸಿಯಂತೆ ಕಾಣುವ ಚಿಕ್ಕ ಮಾಂಸಾಹಾರಿಯುಂಟು. ಅದರ ಕುಲವೇ ಅಳಿದುಹೋಯಿತೆಂದು ತಿಳಿದಿದ್ದಾಗ, 1981ರಲ್ಲಿ ಮೀಟೀಟ್ಸಿ ಎಂಬ ಊರಿನ ಬಳಿ ಒಬ್ಬ ರೈತನ ನಾಯಿ ಅಂಥದೊಂದನ್ನು ಕೊಂದು ಮನೆಗೆ ತಂದಿತು. ಹೀಗೆ ಅವು ಬದುಕಿವೆಯೆಂಬ ಸುದ್ದಿ ತಂದುದೂ ನಾಯಿಯೇ! ಹುಡುಕಿದಾಗ ಸಣ್ಣ ನೆಲೆಯೊಂದು ಸಿಕ್ಕಿತು. 1985ರಲ್ಲಿ ಡಿಸ್ಟೆಂಪರ್ ಅಲ್ಲಿಗೆ ಬಂದಿತು. 1987ರ ವೇಳೆಗೆ ಹಿಡಿದು ಉಳಿಸಿಕೊಳ್ಳಲು ಸಾಧ್ಯವಾದುದು ಕೇವಲ 18. ಇಂದಿನ ಆ ಜಾತಿಯ ಪ್ರಾಣಿಗಳೆಲ್ಲ ಬಹುಮಟ್ಟಿಗೆ ಅವುಗಳಲ್ಲಿ ಏಳರ ಸಂತತಿ.

ಬೀಜದ ಭತ್ತವನ್ನೆಲ್ಲ ಒಂದೇ ಕಣಜದಲ್ಲಿ ತುಂಬಿ ನಿದ್ರೆ ಮಾಡುವ ರೈತ ನಮ್ಮ ಹಳ್ಳಿಗಳಲ್ಲಿ ಸಿಗಲಾರ. ಸಿಂಹಗಳಲ್ಲಿ ಕೆಲವನ್ನು ಮಧ್ಯಪ್ರದೇಶದ ಕೂನೋ ಅರಣ್ಯಕ್ಕೆ ಸಾಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2013ರ ಏಪ್ರಿಲಿನಲ್ಲಿ ಆದೇಶವಿತ್ತು, ಆರು ತಿಂಗಳ ಅವಧಿಯನ್ನೂ ಗೊತ್ತುಮಾಡಿತು. ಆ ಅವಧಿ ಕಳೆದು ವರ್ಷಗಳುರುಳಿದವು. 2022ರಲ್ಲಿ ಕೂನೋಗೆ ನಮೀಬಿಯಾದಿಂದ ಚೀತಾಗಳು ಬಂದವು, ಸಿಂಹಗಳು ಬರಲಿಲ್ಲ. ಗುಜರಾತಿನ ಬರ್ಡಾ ಅಭಯಾರಣ್ಯದಲ್ಲಿ 2025ರ ಗಣತಿಯ ವೇಳೆಗೆ 17 ಸಿಂಹಗಳು ನೆಲೆಯೂರಿದ್ದವೆಂಬುದು ಸಂತೋಷದ ಸಂಗತಿ. ಆದರೆ ಅದೂ ಸೌರಾಷ್ಟ್ರದ ಒಳಗೇ, ಅದೇ ಹಿತ್ತಲಿನ ಇನ್ನೊಂದು ಮೂಲೆ.

ಈ ದೊಡ್ಡ ಕಾರ್ಯಗಳು ದೊಡ್ಡವರ ಕೈಯಲ್ಲಿವೆ. ನನ್ನಂಥ ಮೇಷ್ಟ್ರ ಕೈಯಲ್ಲಿರುವುದು ಅತಿ ಸಣ್ಣದು. ಕಳೆದ ತಿಂಗಳು ನಮ್ಮ ಮನೆಯ ಮೆಟ್ಟಿಲ ಬಳಿ ಬೀದಿಯ ಮರಿಯೊಂದು ಬಂದು ಸೇರಿಕೊಂಡಿತು. ಹೆಗಲಿನ ಚೀಲದಲ್ಲಿ ಕೂರಿಸಿಕೊಂಡು ಪಶುಚಿಕಿತ್ಸಾಲಯಕ್ಕೆ ಹೋದೆ. ಸೂಜಿಯನ್ನು ಕೈಯಲ್ಲಿ ಹಿಡಿದ ಯುವ ವೈದ್ಯರು, “ಸಾಕಿದ ನಾಯಿಯೇ, ಸಾರ್?” ಎಂದು ಕೇಳಿದರು.

ಕ್ಷಣಕಾಲ ತಡೆದೆ. ಕೊಟ್ಟಿಗೆಯ ಮೂಲೆ, ಅನ್ನದ ತಟ್ಟೆ, ನೆಕ್ಕುವ ನಾಯಿಗಳು, ಎಲ್ಲವೂ ಕಣ್ಣೆದುರು ಬಂದವು.

“ಹೌದು, ನಮ್ಮದೇ” ಎಂದೆ.