ನಿದ್ರೆ ಕಲಿಸುವ ಮೊಬೈಲ್ ತಂತ್ರಾಂಶ ಹೇಗಿರಬೇಕು?

ನಿದ್ರೆ ಕೆಡಿಸುವ ಉಪಕರಣಗಳ ಪಟ್ಟಿಯಲ್ಲಿ ಇಂದು ಮೊದಲ ಹೆಸರು ಮೊಬೈಲಿನದು. ಅದೇ ಮೊಬೈಲಿನಲ್ಲಿ ನಿದ್ರೆಯನ್ನು ಸುಧಾರಿಸುತ್ತೇವೆ ಎನ್ನುವ ಆ್ಯಪ್‌ಗಳೂ ಹೇರಳವಾಗಿ ಸಿಗುತ್ತವೆ. ಇವುಗಳಲ್ಲಿ ಹೆಚ್ಚಿನವು ಒಬ್ಬರಿಗೊಂದು ಕೋಣೆ, ಒಂದು ಮಂಚ, ಒಂದು ಫೋನು ಇದ್ದೇ ಇರುತ್ತದೆಂದು ಭಾವಿಸಿ ತಯಾರಾದವು. ನವಲಗುಂದ, ಕುಂದಗೋಳ, ಕಲಘಟಗಿ ಅಥವಾ ಅಣ್ಣಿಗೇರಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹತ್ತನೆಯ ತರಗತಿ ಓದುವ ವಿದ್ಯಾರ್ಥಿಗಾಗಿ ಇಂಥ ತಂತ್ರಾಂಶವನ್ನು ರೂಪಿಸುವುದಾದರೆ ಅದು ಹೇಗಿರಬೇಕು? ಭೌತವಿಜ್ಞಾನ, ಜೀವವಿಜ್ಞಾನ, ಗಣಕವಿಜ್ಞಾನ ಮೂರೂ ಇದರಲ್ಲಿ ಸೇರಿರುವುದರಿಂದ ಶಾಲಾ ಕಾಲೇಜುಗಳ ವಿಜ್ಞಾನ ಸಂಘಗಳು ಕೈಗೆತ್ತಿಕೊಳ್ಳಬಹುದಾದ ಯೋಜನೆ ಇದು.

ಮೊದಲು ಅಳತೆಯ ವಿಚಾರ. ಫೋನಿಗೆ ನಾವು ಮಲಗಿದ್ದು ಹೇಗೆ ತಿಳಿಯುತ್ತದೆ? ಅದರೊಳಗೆ ವೇಗೋತ್ಕರ್ಷವನ್ನು ಅಳೆಯುವ ಒಂದು ಚಿಪ್ ಇದೆ. ಸಿಲಿಕಾನಿನಲ್ಲಿ ಕೆತ್ತಿದ ಅತಿ ಸಣ್ಣ ದ್ರವ್ಯರಾಶಿಯೊಂದು ಅಷ್ಟೇ ಸಣ್ಣ ಸ್ಪ್ರಿಂಗುಗಳ ಮೇಲೆ ನಿಂತಿರುತ್ತದೆ. ಫೋನು ಅಲುಗಿದಾಗ ಈ ದ್ರವ್ಯರಾಶಿ ಕೊಂಚ ಹಿಂದೆ ಉಳಿಯುತ್ತದೆ, ಅದರ ಪಕ್ಕದ ಫಲಕಗಳ ನಡುವಿನ ಅಂತರ ಬದಲಾಗುತ್ತದೆ, ಅದರಿಂದ ಧಾರಕತೆಯೂ ಬದಲಾಗುತ್ತದೆ. ಈ ಬದಲಾವಣೆಯೇ ಅಂಕಿಯಾಗಿ ನಮಗೆ ದೊರೆಯುತ್ತದೆ. ಹಾಸಿಗೆಯ ಮೇಲಿಟ್ಟ ಫೋನು, ಮಲಗಿದವರು ಮಗ್ಗುಲು ಬದಲಿಸಿದಾಗ ಹಾಸಿಗೆಯೊಂದಿಗೆ ತಾನೂ ಅಲುಗುತ್ತದೆ. ಅಲುಗಾಟ ಕಡಿಮೆಯಾಯಿತೆಂದರೆ ನಿದ್ರೆ ಬಂದಿದೆ ಎಂಬುದು ತಂತ್ರಾಂಶದ ತರ್ಕ. ಮಣಿಕಟ್ಟಿಗೆ ಕಟ್ಟುವ ಮಾಪಕಗಳಿಗಾಗಿ 1992ರಲ್ಲಿ ಕೋಲ್, ಕ್ರಿಪ್ಕಿ ಮತ್ತು ಸಂಗಡಿಗರು ಕೊಟ್ಟ ಸೂತ್ರ ಪ್ರಸಿದ್ಧವಾಗಿದೆ. ಒಂದು ನಿಮಿಷದಲ್ಲಿ ವ್ಯಕ್ತಿ ನಿದ್ರಿಸುತ್ತಿದ್ದನೇ ಎಂದು ನಿರ್ಧರಿಸಲು ಅದು ಆ ನಿಮಿಷದ ಜೊತೆಗೆ ಹಿಂದಿನ ನಾಲ್ಕು, ಮುಂದಿನ ಎರಡು ನಿಮಿಷಗಳ ಚಲನೆಯನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ.

ಈಗ ನವಲಗುಂದದ ಮಾಳಿಗೆ ಮನೆಗೆ ಬನ್ನಿ. ಅಲ್ಲಿ ನೆಲದ ಮೇಲೆ ಜಮಖಾನೆ, ಅದರ ಮೇಲೊಂದು ಕೌದಿ. ಸ್ಪ್ರಿಂಗಿನಂತೆ ಕುಣಿಯುವ ಹಾಸಿಗೆ ಇಲ್ಲ. ಮಗ್ಗುಲು ಬದಲಿಸಿದ ದೇಹದ ಕಂಪನವನ್ನು ಗಟ್ಟಿ ನೆಲ ಫೋನಿಗೆ ಬಹುಮಟ್ಟಿಗೆ ತಲುಪಿಸುವುದೇ ಇಲ್ಲ. ತಂತ್ರಾಂಶದ ಪ್ರಕಾರ ಆ ಹುಡುಗ ರಾತ್ರಿಯಿಡೀ ಬಂಡೆಯಂತೆ ಮಲಗಿದ್ದಾನೆ! ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಸಾಲಾಗಿ ಮಲಗಿದಾಗ ಮೈಕಿನಿಂದ ಗೊರಕೆ ಅಳೆಯುವುದೂ ನಿಷ್ಪ್ರಯೋಜಕ. ಯಾರ ಗೊರಕೆ ಎಂದು ಫೋನಿಗೆ ಹೇಗೆ ಗೊತ್ತಾಗಬೇಕು? ಇನ್ನು ಫೋನು ತಂದೆಯದಾಗಿದ್ದರೆ ಅದು ಅವರ ಜೊತೆ ಹೊಲಕ್ಕೆ ಹೋಗಿರುವ ಸಂಭವವೂ ಉಂಟು.

ಇಷ್ಟಕ್ಕೂ ಅಲುಗಾಡದಿರುವುದೇ ನಿದ್ರೆಯಲ್ಲ. ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳ ದಾಖಲೆಯನ್ನು ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದರು. ನಿದ್ರೆಯಲ್ಲಿ ಕಣ್ಣುಗುಡ್ಡೆಗಳು ಚುರುಕಾಗಿ ಓಡಾಡುವ ಹಂತವನ್ನು ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ವರದಿ ಮಾಡಿದರು. ನಿದ್ರೆಯ ಹಂತಗಳನ್ನು ಗುರುತಿಸುವುದು ಮುಖ್ಯವಾಗಿ ಈ ಅಲೆಗಳಿಂದ ಮತ್ತು ಕಣ್ಣಿನ ಚಲನೆಯಿಂದ. ಪಕ್ಕದಲ್ಲಿಟ್ಟ ಫೋನು ‘ಗಾಢ ನಿದ್ರೆ 1 ಗಂಟೆ 42 ನಿಮಿಷ’ ಎಂದು ತೋರಿಸಿದರೆ ಅದು ಊಹೆಯೇ ಹೊರತು ಅಳತೆಯಲ್ಲ. ಆದ್ದರಿಂದ ನಮ್ಮ ತಂತ್ರಾಂಶಕ್ಕೆ ಸರಳವಾದ ದಿನಚರಿಯೇ ಮೇಲು. ಬೆಳಿಗ್ಗೆ ಎರಡೇ ಪ್ರಶ್ನೆ: ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎದ್ದೆ? ಪ್ರಶ್ನೆ ಕನ್ನಡದಲ್ಲಿ, ಧ್ವನಿಯಲ್ಲಿ ಬರಲಿ. ಇಂಟರ್ನೆಟ್ ಇಲ್ಲದಿದ್ದರೂ ನಡೆಯಲಿ. ಒಂದೇ ಫೋನಿನಲ್ಲಿ ಅಣ್ಣನಿಗೂ ತಂಗಿಗೂ ಬೇರೆ ಬೇರೆ ಪುಟ ಇರಲಿ.

ಎರಡನೆಯದು ಬೆಳಕು. ಕಣ್ಣಿನ ಅಕ್ಷಿಪಟಲದಲ್ಲಿ ದಂಡಕೋಶ, ಶಂಕುಕೋಶಗಳಲ್ಲದೆ ಮೆಲನಾಪ್ಸಿನ್ ಎಂಬ ವರ್ಣಕವಿರುವ ಕೆಲವು ನರಕೋಶಗಳಿವೆ. ಇವು ತಾವೇ ನೇರವಾಗಿ ಬೆಳಕಿಗೆ ಸ್ಪಂದಿಸುತ್ತವೆಂಬುದು 2002ರಲ್ಲಿ ಸ್ಪಷ್ಟವಾಯಿತು. ಸುಮಾರು 480 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕಿಗೆ ಇವು ಅತ್ಯಂತ ಸಂವೇದಿ. ಮೆದುಳಿನಲ್ಲಿರುವ ಜೈವಿಕ ಗಡಿಯಾರಕ್ಕೆ ‘ಇನ್ನೂ ಹಗಲಿದೆ’ ಎಂದು ಸುದ್ದಿ ಮುಟ್ಟಿಸುವುದರಲ್ಲಿ ಇವುಗಳದೇ ಮುಖ್ಯ ಪಾತ್ರ. ಹಾಗಾದರೆ ಫೋನಿನ ಪರದೆಯಿಂದ ಕಣ್ಣಿಗೆ ಎಷ್ಟು ಬೆಳಕು ಬೀಳುತ್ತದೆ? ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಪರದೆಯ ವಿಸ್ತೀರ್ಣ ಸುಮಾರು 7 ಸೆಂ.ಮೀ. × 14 ಸೆಂ.ಮೀ., ಅಂದರೆ 0.0098 ಚದರ ಮೀಟರ್. ಉಜ್ವಲತೆ ಚದರ ಮೀಟರಿಗೆ 300 ಕ್ಯಾಂಡೆಲಾ, ಕಣ್ಣಿನಿಂದ ದೂರ 0.3 ಮೀಟರ್ ಎಂದಿಟ್ಟುಕೊಳ್ಳಿ. ಉಜ್ವಲತೆಯನ್ನು ವಿಸ್ತೀರ್ಣದಿಂದ ಗುಣಿಸಿ ದೂರದ ವರ್ಗದಿಂದ ಭಾಗಿಸಿದರೆ ಸುಮಾರು 33 ಲಕ್ಸ್. ಪುಟವೆಲ್ಲ ಬಿಳಿಯಾಗಿದ್ದಾಗಿನ ಮಾತಿದು. ಉಜ್ವಲತೆಯನ್ನು 40ಕ್ಕೆ ಇಳಿಸಿದರೆ ನಾಲ್ಕೂವರೆ ಲಕ್ಸ್‌ಗಿಂತ ಕಡಿಮೆ. ಹುಣ್ಣಿಮೆಯ ಬೆಳದಿಂಗಳು ಅರ್ಧ ಲಕ್ಸ್ ಕೂಡ ಇಲ್ಲ, ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್.

ಇದರಿಂದ ತಿಳಿಯುವುದೇನು? ಉಜ್ವಲತೆ ತಗ್ಗಿಸುವುದು, ಫೋನನ್ನು ದೂರ ಹಿಡಿಯುವುದು ಎರಡೂ ಉಪಯುಕ್ತ. ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಪರದೆಯನ್ನು ಹಳದಿ ಮಾಡಿದ ಮಾತ್ರಕ್ಕೆ ನಿದ್ರೆ ಬರುವುದಿಲ್ಲ. 2021ರಲ್ಲಿ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ, ಪರದೆಯ ಬಣ್ಣ ಬದಲಿಸಿದವರ ನಿದ್ರೆಗೂ ಬದಲಿಸದವರ ನಿದ್ರೆಗೂ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ರೀಲ್ಸ್ ನೋಡುತ್ತ ಹನ್ನೆರಡರವರೆಗೆ ಕುಳಿತವನಿಗೆ ಬೆಳಕು ಯಾವ ಬಣ್ಣದ್ದಾದರೇನು, ಹನ್ನೆರಡಂತೂ ಆಯಿತಲ್ಲ!

ಮೂರನೆಯದು ವೇಳೆ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಎಸ್.ಎಸ್.ಎಲ್.ಸಿ. ಪರೀಕ್ಷೆ ಸಮೀಪಿಸಿದಾಗ ನಸುಕಿನಲ್ಲಿ ಮಕ್ಕಳಿಗೆ ಫೋನ್ ಮಾಡಿ ಓದಲು ಎಬ್ಬಿಸುವ ಕಾಳಜಿಯುಳ್ಳ ಶಿಕ್ಷಕರು ರಾಜ್ಯದ ಹಲವೆಡೆ ಇದ್ದಾರೆ. ಅವರ ಕಾಳಜಿಯನ್ನು ಪ್ರಶ್ನಿಸುವಂತಿಲ್ಲ. ಆದರೆ ಗಡಿಯಾರವನ್ನು ಕೊಂಚ ಪ್ರಶ್ನಿಸೋಣ. ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ನವಲಗುಂದ ಇರುವುದು ಸುಮಾರು 75.4 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಅಲ್ಲಿನ ಸೂರ್ಯ ಗಡಿಯಾರಕ್ಕಿಂತ 28 ನಿಮಿಷ ಹಿಂದಿರುತ್ತಾನೆ. ಮಾರ್ಚ್ ಮಧ್ಯದಲ್ಲಿ ಇನ್ನೂ ಸುಮಾರು 9 ನಿಮಿಷ ಸೇರಿ, ಸೂರ್ಯೋದಯ ಆರೂವರೆ ದಾಟಿದ ಮೇಲೆ. ಅದೇ ದಿನ ಕೋಲ್ಕತ್ತದಲ್ಲಿ ಸೂರ್ಯ ಮುಕ್ಕಾಲು ಗಂಟೆಗೂ ಮೊದಲೇ ಹುಟ್ಟಿರುತ್ತಾನೆ. ಪಶ್ಚಿಮದಲ್ಲಿ ಸಂಜೆಯೂ ತಡ, ಮಲಗುವುದೂ ತಡ. ಸೂರ್ಯಾಸ್ತ ಒಂದು ಗಂಟೆ ತಡವಾದರೆ ಭಾರತದ ಮಕ್ಕಳ ನಿದ್ರೆ ಸುಮಾರು ಅರ್ಧ ಗಂಟೆ ಕಡಿಮೆಯಾಗುತ್ತದೆಂದು ಅರ್ಥಶಾಸ್ತ್ರಜ್ಞ ಮೌಲಿಕ್ ಜಗನಾನಿ ಅವರ ಅಧ್ಯಯನ ತೋರಿಸಿದೆ.

ಇದರ ಮೇಲೆ ಹದಿಹರೆಯದಲ್ಲಿ ಜೈವಿಕ ಗಡಿಯಾರವೇ ತಡದ ಕಡೆಗೆ ಸರಿಯುತ್ತದೆ. ಬೇಗ ಮಲಗೆಂದರೆ ನಿದ್ರೆ ಬಾರದಿರುವುದು ಹಟವಲ್ಲ. 13ರಿಂದ 18 ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ಅಮೆರಿಕದ ನಿದ್ರಾತಜ್ಞರ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿತು. ಹನ್ನೊಂದಕ್ಕೆ ಮಲಗಿ ನಾಲ್ಕೂವರೆಗೆ ಎದ್ದ ಹುಡುಗಿಗೆ ಸಿಕ್ಕಿದ್ದು ಐದೂವರೆ ಗಂಟೆ. ಸಹಜವಾಗಿ ಏಳುವ ಹೊತ್ತಿಗೆ ಎರಡು ಗಂಟೆ ಮುಂಚೆ ದೇಹದ ಉಷ್ಣತೆ ಕನಿಷ್ಠ ಮಟ್ಟದಲ್ಲಿರುತ್ತದೆ, ಎಚ್ಚರವೂ ಹಾಗೆಯೇ. ಆರೂವರೆಗೆ ಏಳುವ ದೇಹವನ್ನು ಸರಿಯಾಗಿ ಆ ತಗ್ಗಿನಲ್ಲೇ ಎಬ್ಬಿಸಿದಂತಾಯಿತು. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ರೆಯಲ್ಲಿ. ಅದನ್ನೇ ಕತ್ತರಿಸಿ ಓದಿಗೆ ಕೊಡುವುದು ಬೀಜದ ಕಾಳನ್ನು ಬೀಸಿ ರೊಟ್ಟಿ ಮಾಡಿದಂತೆ.

ಆದಕಾರಣ ನಮ್ಮ ತಂತ್ರಾಂಶದ ಮುಖ್ಯ ಕೆಲಸ ಎಬ್ಬಿಸುವುದಲ್ಲ, ಮಲಗಿಸುವುದು. ಏಳುವ ವೇಳೆಯನ್ನು ಮೊದಲು ಕೇಳಿಕೊಂಡು ಎಂಟೂವರೆ ಗಂಟೆ ಹಿಂದಕ್ಕೆ ಎಣಿಸಿ, ಅದಕ್ಕೂ ಅರ್ಧ ಗಂಟೆ ಮುಂಚೆ ಪರಿಚಿತ ಧ್ವನಿಯಲ್ಲಿ ಒಂದು ಸೂಚನೆ: ‘ಪುಸ್ತಕ ಮುಚ್ಚವಾ, ನಾಳೆ ಓದೀಯಂತ.’ ಆ ಧ್ವನಿ ಶಿಕ್ಷಕರದೇ ಆಗಿದ್ದರೆ ಇನ್ನೂ ಒಳ್ಳೆಯದು. ಕೀಲಿಮಣೆಯ ಸಾದಾ ಫೋನಿದ್ದವರಿಗೆ ಇದೇ ಸೂಚನೆ ಕರೆಯಾಗಿ ಹೋಗಬಹುದು. ಹತ್ತೂವರೆಗೆ ಮಲಗುವವಳನ್ನು ಒಮ್ಮೆಲೇ ಒಂಬತ್ತಕ್ಕೆ ಎಳೆಯದೆ, ಎರಡು ಮೂರು ದಿನಕ್ಕೊಮ್ಮೆ 15 ನಿಮಿಷ ಮಾತ್ರ ಹಿಂದೆ ಸರಿಸಬೇಕು. ಬೆಳಿಗ್ಗೆ ಎದ್ದೊಡನೆ ಅಂಗಳದ ಬೆಳಕಿಗೆ ಬರುವಂತೆ ಹೇಳಬೇಕು, ಮುಂಜಾನೆಯ ಬೆಳಕು ಗಡಿಯಾರವನ್ನು ಮುಂದಕ್ಕೆ ತಿರುಗಿಸುತ್ತದೆ.

ಅಂಕ ಕೊಡುವ ಪದ್ಧತಿ ಬೇಡ. ನಿದ್ರೆಯ ಅಂಕ ಹೆಚ್ಚಿಸುವ ಚಿಂತೆಯಲ್ಲೇ ನಿದ್ರೆ ಕಳೆದುಕೊಂಡವರನ್ನು ಕಂಡು 2017ರಲ್ಲಿ ಅಮೆರಿಕದ ಸಂಶೋಧಕರು ಅದಕ್ಕೊಂದು ಹೊಸ ಹೆಸರನ್ನೇ ಇಟ್ಟರು. ಪಂಪ್‌ಸೆಟ್ಟಿಗೆ ಮೂರು ಫೇಸ್ ವಿದ್ಯುತ್ತಿನ ಪಾಳಿ ರಾತ್ರಿ ಬಂದರೆ ಅಪ್ಪನ ಜೊತೆ ಮಗನೂ ನೀರು ಹಾಯಿಸಲು ಹೋಗಬೇಕಾಗುತ್ತದೆ. ಅಂಥ ರಾತ್ರಿಯನ್ನು ‘ಹೊಲದ ರಾತ್ರಿ’ ಎಂದು ಗುರುತಿಸುವ ಒಂದು ಗುಂಡಿ ಇರಲಿ. ಮರುದಿನ ತಂತ್ರಾಂಶ ಗದರದೆ, ಮಧ್ಯಾಹ್ನ 20 ನಿಮಿಷ ಒರಗಲು ಹೇಳಲಿ. ಮಾಹಿತಿಯೆಲ್ಲ ಫೋನಿನಲ್ಲೇ ಉಳಿಯಬೇಕು, ಶಾಲೆಗೂ ಹೋಗಕೂಡದು. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಮನಸ್ಸು ಕುಗ್ಗಿದ್ದರೆ ಅದು ತಂತ್ರಾಂಶದ ಕೆಲಸವಲ್ಲ. ಅಂಥವರಿಗೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯೂ ಹತ್ತಿರದಲ್ಲಿದೆ. ಈ ಎರಡು ವಿವರ ಮೊದಲ ಪುಟದಲ್ಲೇ ಇರಬೇಕು.

ತಂತ್ರಾಂಶ ಬರೆಯುವ ಮುನ್ನ ಕಾಗದದ ಮೇಲೆ ಎರಡು ವಾರ ಪ್ರಯೋಗ ಮಾಡಿ ನೋಡಬಹುದು. ತರಗತಿಯಲ್ಲಿ ಒಪ್ಪಿದ ವಿದ್ಯಾರ್ಥಿಗಳು ಮಲಗಿದ, ಎದ್ದ ವೇಳೆಯನ್ನು ಬರೆದಿಡಲಿ. ಜಮಖಾನೆಯ ಮೇಲೆ ಮಲಗುವವರದು ಒಂದು ಗುಂಪು, ಮಂಚದವರದು ಇನ್ನೊಂದು. ಫೋನಿರುವವರು ಚಲನೆಯ ದಾಖಲೆಯನ್ನೂ ಇಟ್ಟು ಎರಡನ್ನೂ ಒಂದೇ ರೇಖಾಚಿತ್ರದಲ್ಲಿ ಹೋಲಿಸಿದರೆ, ಯಾವ ಗುಂಪಿನಲ್ಲಿ ಫೋನು ಎಷ್ಟು ನಿಮಿಷ ತಪ್ಪು ಹೇಳುತ್ತದೆಂಬುದು ಅಲ್ಲೇ ಕಾಣುತ್ತದೆ.