ಕಣ್ಣೀರು ಒರೆಸುವವರ ಕಣ್ಣೀರು ಒರೆಸುವವರಾರು?



ಊರಿನಲ್ಲಿ ಸಾವು ಸಂಭವಿಸಿದರೆ ನಾಲ್ಕು ಜನ ಆ ಮನೆಗೆ ಹೋಗಿ ಕೂಡುತ್ತಾರೆ. ನೆರೆಯವರು ರೊಟ್ಟಿ-ಅನ್ನ ಒಯ್ಯುತ್ತಾರೆ. ಹಿರಿಯರು ಸಮಾಧಾನ ಹೇಳುತ್ತಾರೆ. ಇದು ನಮ್ಮ ಹಳ್ಳಿಗಳ ಹಿರಿಮೆ. ಆದರೆ ಶಾಲೆಯೊಂದರಲ್ಲಿ ದುರಂತ ಘಟಿಸಿ ಮಕ್ಕಳು ಅಗಲಿದಾಗ, ತಂದೆತಾಯಿಗಳ ಮನೆಗೆ ಹೋಗುವ ನಾವು ಮುಖ್ಯೋಪಾಧ್ಯಾಯರ ಮನೆಗೂ ಹೋಗುತ್ತೇವೆಯೇ? ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ಕೂಗಿದ ಹೆಸರು ಸಂಜೆಗೆ ಇಲ್ಲವಾದರೆ ಆ ಗುರುವಿನ ಒಡಲಲ್ಲಿ ಏಳುವ ಸಂಕಟ ಸಾಮಾನ್ಯವಾದುದಲ್ಲ. ಆದರೆ ಪೊಲೀಸರು ಅವರಿಂದ ಹೇಳಿಕೆ ಕೇಳುತ್ತಾರೆ, ಇಲಾಖೆ ವರದಿ ಕೇಳುತ್ತದೆ, ಪತ್ರಿಕೆಯವರು ವಿವರ ಕೇಳುತ್ತಾರೆ, ಪಾಲಕರು ಉತ್ತರ ಕೇಳುತ್ತಾರೆ. 'ಗುರುಗಳೇ, ಊಟ ಮಾಡಿದಿರಾ?' ಎಂದು ಕೇಳುವವರು ಮಾತ್ರ ವಿರಳ.

ಈ ಅಲಕ್ಷ್ಯದ ಫಲವೆಷ್ಟು ಘೋರವೆಂಬುದನ್ನು ದಕ್ಷಿಣ ಕೊರಿಯಾ ದೇಶ ಕಂಡಿದೆ. 2014ರ ಏಪ್ರಿಲ್ 16ರಂದು ಸೆವೋಲ್ ಎಂಬ ಹಡಗು ಮುಳುಗಿ 304 ಜನ ಅಸುನೀಗಿದರು. ಅವರಲ್ಲಿ 250 ಮಂದಿ ಅನ್ಸಾನ್ ನಗರದ ಡಾನ್‌ವನ್ ಪ್ರೌಢಶಾಲೆಯಿಂದ ಪ್ರವಾಸ ಹೊರಟಿದ್ದ ವಿದ್ಯಾರ್ಥಿಗಳು. ಅವರೊಡನಿದ್ದ ಉಪಪ್ರಾಂಶುಪಾಲರು ಬದುಕಿ ದಡ ಸೇರಿದರು. ಆದರೆ ಪ್ರವಾಸದ ಹೊಣೆ ಹೊತ್ತಿದ್ದವನು ತಾನೆಂಬ ಬೇಗುದಿ ಅವರನ್ನು ಸುಟ್ಟಿತು. ಎರಡೇ ದಿನಗಳಲ್ಲಿ ಅವರು ಜೀವ ನೀಗಿಕೊಂಡರು. ನೀರು ಬಿಟ್ಟುಕೊಟ್ಟ ಜೀವವನ್ನು ದುಃಖ ಒಯ್ದಿತು. ಆ ಎರಡು ದಿನ ಅವರ ಪಕ್ಕದಲ್ಲಿ ಕೈ ಹಿಡಿದು ಕೂಡುವವರೊಬ್ಬರು ಬೇಕಾಗಿತ್ತಲ್ಲವೇ?

ಇನ್ನೊಂದು ದೃಷ್ಟಾಂತವಿದೆ. ಅಮೆರಿಕದ ಕೊಲರಾಡೋ ರಾಜ್ಯದ ಕೊಲಂಬೈನ್ ಪ್ರೌಢಶಾಲೆಯಲ್ಲಿ 1999ರ ಏಪ್ರಿಲ್ 20ರಂದು ಇಬ್ಬರು ವಿದ್ಯಾರ್ಥಿಗಳೇ ಬಂದೂಕು ಹಿಡಿದು ಬಂದು, 12 ಜನ ವಿದ್ಯಾರ್ಥಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದರು. ಪ್ರಾಂಶುಪಾಲರಾಗಿದ್ದ ಫ್ರಾಂಕ್ ಡಿಏಂಜಲಿಸ್ ಅವರು ಊರು ಬಿಟ್ಟು ಹೋಗಲಿಲ್ಲ. ಆ ದಿನ ಊರಿನಲ್ಲಿದ್ದ ಎಳೆಯ ಮಕ್ಕಳು ಕಲಿತು ಹೊರಬರುವವರೆಗೂ ಇರುತ್ತೇನೆಂದು ನಿಂತರು, 2014ರಲ್ಲಿ ನಿವೃತ್ತರಾದರು. ಪ್ರತಿದಿನ ಬೆಳಿಗ್ಗೆ ಏಳುವಾಗ ಆ 13 ಹೆಸರುಗಳನ್ನು ನೆನೆಯುತ್ತೇನೆಂದು ಅವರು ಹೇಳಿದ್ದಾರೆ.

ಅವರು ನಿಂತದ್ದು ಕೇವಲ ಗಟ್ಟಿ ಎದೆಯಿಂದಲ್ಲ. ಮನೋವೈದ್ಯರ, ಸಮಾಲೋಚಕರ ಬಳಿ ತಾವೇ ಹೋದರು. ಹೋದದ್ದನ್ನು ನಾಚದೆ ಹೇಳಿದರು. ಶಾಲೆ ಮರಳಿ ತೆರೆದಾಗ ಅಗ್ನಿ ಎಚ್ಚರಿಕೆಯ ಗಂಟೆಯ ಸದ್ದನ್ನೇ ಬದಲಿಸಲಾಯಿತು. ಏಕೆಂದರೆ ಆ ಹಳೆಯ ಸದ್ದು ಕಿವಿಗೆ ಬಿದ್ದರೆ ಮಕ್ಕಳ ಮನಸ್ಸು ಮತ್ತೆ ಆ ದಿನಕ್ಕೇ ಓಡುತ್ತಿತ್ತು. ಗಾಯ ಕಣ್ಣಿಗೆ ಕಾಣದಿದ್ದರೂ ಇರುತ್ತದೆಂಬುದಕ್ಕೆ ಇದೇ ಸಾಕ್ಷಿ.

ಇಂಥ ದುರಂತ ಉಂಡ ಪ್ರಾಂಶುಪಾಲರೆಲ್ಲ ಸೇರಿ 2019ರಲ್ಲಿ ಅಲ್ಲಿನ ರಾಷ್ಟ್ರೀಯ ಪ್ರೌಢಶಾಲಾ ಪ್ರಾಂಶುಪಾಲರ ಸಂಘದ ಆಶ್ರಯದಲ್ಲಿ ಒಂದು ಬಳಗ ಕಟ್ಟಿದರು. ಎಲ್ಲಿಯಾದರೂ ಶಾಲೆಯಲ್ಲಿ ಗುಂಡಿನ ದಾಳಿ ನಡೆದರೆ ಈ ಬಳಗದವರು ಅಲ್ಲಿಯ ಮುಖ್ಯಸ್ಥರನ್ನು ಸಂಪರ್ಕಿಸಿ, 'ನಾವೂ ಇದನ್ನು ಅನುಭವಿಸಿದವರು, ನೀವು ಒಂಟಿಯಲ್ಲ' ಎಂಬ ಧೈರ್ಯ ನೀಡುತ್ತಾರೆ. ತಮ್ಮ ಅನುಭವವನ್ನೆಲ್ಲ ಕೈಪಿಡಿಯಾಗಿ 2022ರಲ್ಲಿ ಪ್ರಕಟಿಸಿದ್ದಾರೆ. ನೊಂದವರ ನೋವನ್ನು ನೊಂದವರೇ ಬಲ್ಲರು.

ಅಂಥ ದಿನ ಯಾವ ಊರಿಗೂ ಬಾರದಿರಲಿ. ಆದರೆ ಕೆರೆಯಲ್ಲಿ, ರಸ್ತೆಯಲ್ಲಿ, ಕುಸಿದ ಗೋಡೆಯಡಿ ಮಕ್ಕಳನ್ನು ಕಳೆದುಕೊಳ್ಳುವ ಊರುಗಳು ನಮ್ಮಲ್ಲೂ ಇವೆ. ಆಗ ಊರ ಹಿರಿಯರಾದ ನೀವು ಮಾಡಬೇಕಾದುದೇನು?

ಮೊದಲನೆಯದು, ಮುಖ್ಯೋಪಾಧ್ಯಾಯರನ್ನು ಮೊದಲ ದಿನಗಳಲ್ಲಿ ಒಂಟಿಯಾಗಿ ಬಿಡಬಾರದು. ಉಪದೇಶ ಬೇಡ, ಪಕ್ಕದಲ್ಲಿ ಕುಳಿತರೆ ಸಾಕು. ಎರಡನೆಯದು, ಬಂದವರನ್ನು ಮಾತನಾಡಿಸುವ, ಕಾಗದಪತ್ರ ನೋಡುವ ಭಾರವನ್ನು ಶಾಲಾಭಿವೃದ್ಧಿ ಸಮಿತಿಯವರೂ ಸಹಶಿಕ್ಷಕರೂ ಹಂಚಿಕೊಳ್ಳಬೇಕು. ಮೂರನೆಯದು, ಅಳು ಬಂದರೆ ಅಳಲು ಬಿಡಬೇಕು. 'ನೀವೇ ಹೀಗಾದರೆ ಹೇಗೆ ಸರ್?' ಎಂಬ ಮಾತು ಸಮಾಧಾನವಲ್ಲ, ಎದೆಯ ಮೇಲಿಟ್ಟ ಕಲ್ಲು. ನಾಲ್ಕನೆಯದು, ನಿದ್ದೆ ಬಾರದೆ, ಅನ್ನ ಸೇರದೆ, ಬದುಕು ಬೇಡವೆಂಬ ಮಾತು ಬಂದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಣವಿಲ್ಲದೆ ಸಲಹೆ ದೊರೆಯುತ್ತದೆ. ಐದನೆಯದು, ವರ್ಷ ತುಂಬುವ ದಿನವನ್ನು ಮರೆಯಬಾರದು. ಊರು ಮರೆತರೂ ಆ ಗುರುವಿಗೆ ಆ ದಿನ ಮರೆಯದು.

ತಪ್ಪು ಯಾರದೆಂದು ವಿಚಾರಣೆ ನಡೆಯಲೇಬೇಕು. ಮಡಿದ ಮಕ್ಕಳಿಗೆ ನ್ಯಾಯ ಸಲ್ಲಲೇಬೇಕು. ತಪ್ಪಿದ್ದರೆ ಕಾನೂನು ಕೇಳಲಿ. ಆದರೆ ವಿಚಾರಣೆಗೆ ಮುನ್ನವೇ ಕಟ್ಟೆಯ ಮೇಲೆ ಕುಳಿತು ತೀರ್ಪು ಕೊಡುವುದು ನ್ಯಾಯವಲ್ಲ. ನಾಲಿಗೆಯಿಂದ ಹೋದ ಜೀವ ಮರಳಿ ಬಾರದು.

ದುರಂತದ ನಂತರ ಶಾಲೆಯ ಬಾಗಿಲು ಮತ್ತೆ ತೆರೆಯಲೇಬೇಕು. ಉಳಿದ ಮಕ್ಕಳು ಅಂಜುತ್ತ ಒಳಗೆ ಕಾಲಿಡುವಾಗ ಮೊದಲು ನೋಡುವುದು ಗುರುವಿನ ಮುಖವನ್ನು. ಆ ಮುಖದಲ್ಲಿ ಬೆಳಕಿದ್ದರೆ ಮಕ್ಕಳ ಎದೆಯಲ್ಲಿ ಧೈರ್ಯ ಮೂಡುತ್ತದೆ. ಆ ದೀಪಕ್ಕೆ ಎಣ್ಣೆ ಎರೆಯುವುದು ಊರಿನವರೆಲ್ಲರ ಧರ್ಮ.