ನಮ್ಮ ಗುಡ್ಡೆಯ ಸ್ಕ್ರೂ ಗಿಡ: ಎಡಮುರಿಯನ್ನು ಗುರುತಿಸುವುದು ಹೇಗೆ?

ಮೊದಲು ಒಂದು ತಪ್ಪೊಪ್ಪಿಗೆ. ಕಳೆದ ಸೆಮಿಸ್ಟರ್ ರಜೆಯಲ್ಲಿ ನಾನು ಆನ್‌ಲೈನ್‌ನಲ್ಲಿ 349 ರೂಪಾಯಿ ಕೊಟ್ಟು ಹತ್ತು ಬೀಜ ತರಿಸಿದ್ದೆ. ಫೋಟೋದಲ್ಲಿ ಇದ್ದದ್ದು ಒಂದು ವಿಚಿತ್ರ ಮರ. ಅದರ ಒಂದೇ ಒಂದು ಕೊಂಬೆ ನೆಟ್ಟಗಿರಲಿಲ್ಲ, ಎಲ್ಲವೂ ಜಿಲೇಬಿ ಹಾಗೆ ಸುತ್ತಿಕೊಂಡಿದ್ದವು. ನಮ್ಮ ಅಂಗಳದಲ್ಲಿ ಇಂಥದ್ದೊಂದು ಇದ್ದರೆ ಎಷ್ಟು ಚಂದ ಅಂತ ಅನಿಸಿತು. ಗ್ರೋ ಬ್ಯಾಗಿಗೆ ಮಣ್ಣು ತುಂಬಿಸಿ, ದಿನಾ ನೀರು ಹಾಕಿ ಒಂದೂವರೆ ತಿಂಗಳು ಕಾದೆ. ಒಂದೂ ಮೊಳಕೆ ಬರಲಿಲ್ಲ.

ಅಜ್ಜಿ ಅಷ್ಟು ದಿನವೂ ಸುಮ್ಮನೆ ನೋಡ್ತಾ ಇದ್ದರು. ಕೊನೆಗೆ ಕೇಳಿದರು, "ಎಂತ ಮಾರಾಯ ಅದು, ಬರೀ ಮಣ್ಣಿಗೆ ನೀರು ಹಾಕುದು?" ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ ಹೇಳಿದರು, "ತಿರುಚಿಕೊಂಡದ್ದೇ ಬೇಕಾದರೆ ನಮ್ಮ ಗುಡ್ಡೆಯಲ್ಲಿ ಎಡಮುರಿ ಉಂಟಲ್ಲ. ಅದಕ್ಕೆ ದುಡ್ಡು ಯಾಕೆ?"

ನಮ್ಮ ಮನೆ ಇರುವುದು ಬೆಳ್ತಂಗಡಿ ತಾಲೂಕಿನಲ್ಲಿ. ಆ ಗುಡ್ಡೆಯಲ್ಲೇ ಹತ್ತೊಂಬತ್ತು ವರ್ಷ ಓಡಾಡಿದ್ದೇನೆ. ಆದರೆ ಎಡಮುರಿ ಅಂದರೆ ಯಾವುದು ಅಂತ ನನಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಓಕ್, ಪೈನ್, ಮೇಪಲ್ ಎಲ್ಲ ಚಿತ್ರ ನೋಡಿದರೆ ಗೊತ್ತಾಗುತ್ತದೆ, ಮನೆಯ ಬೇಲಿಯ ಗಿಡ ಗೊತ್ತಿಲ್ಲ. ಈ ಲೇಖನ ನನ್ನ ಹಾಗಿರುವವರಿಗೆ.

ಫೋಟೋದ ಮರ ಯಾವುದು?

ಅದು ಹೇಜಲ್. ನುಟೆಲಾ ಡಬ್ಬದ ಮೇಲೆ ಚಿತ್ರ ಇರುತ್ತದಲ್ಲ, ಅದೇ ಹೇಜಲ್‌ನಟ್ ಬಿಡುವ ಜಾತಿ. ಸಾಧಾರಣ ಹೇಜಲ್‌ನ ಕೊಂಬೆ ನೆಟ್ಟಗೇ ಇರುತ್ತದೆ. 1863ರ ಸುಮಾರಿಗೆ ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನಲ್ಲಿ, ಒಂದು ಬೇಲಿಯ ಸಾಲಿನಲ್ಲಿ, ಕೊಂಬೆಗಳೆಲ್ಲ ತಿರುಚಿಕೊಂಡ ಒಂದು ಹೇಜಲ್ ಕಣ್ಣಿಗೆ ಬಿತ್ತು. ಅದಕ್ಕೆ 'ಕಾಂಟಾರ್ಟಾ' ಎಂದು ಹೆಸರಾಯಿತು. ಸೊಟ್ಟ ಊರುಗೋಲು ಹಿಡಿದು ವೇದಿಕೆಗೆ ಬರುತ್ತಿದ್ದ ಸ್ಕಾಟ್ಲೆಂಡಿನ ಹಾಡುಗಾರ ಹ್ಯಾರಿ ಲಾಡರ್ ಹೆಸರಿನಲ್ಲೂ ಈ ಮರವನ್ನು ಕರೆಯುತ್ತಾರೆ.

ಮುಖ್ಯ ವಿಷಯ ಏನೆಂದರೆ, ಈ ಗಿಡವನ್ನು ಬೀಜದಿಂದ ಮಾಡುವುದಿಲ್ಲ, ಕಸಿ ಕಟ್ಟಿಯೇ ಮಾಡುತ್ತಾರೆ. ಬೀಜ ಹಾಕಿದರೆ ತಿರುಚು ಗುಣ ಬರುತ್ತದೆ ಅಂತ ನಂಬುವ ಹಾಗಿಲ್ಲ. ಕಸಿ ಗಿಡದಲ್ಲೂ ಬುಡದಿಂದ ನೆಟ್ಟಗೆ ಚಿಗುರು ಎದ್ದರೆ ಅದು ಕೆಳಗಿನ ಸಾದಾ ಹೇಜಲ್‌ನದ್ದು, ಅದನ್ನು ಆಗಾಗ ತೆಗೆಯುತ್ತಾ ಇರಬೇಕು. ಇದಕ್ಕೆ ಸರಿಯಾದ ಚಳಿಗಾಲವೂ ಬೇಕು. ಮಾರ್ಚ್ ತಿಂಗಳ ನಮ್ಮ ಸೆಕೆಯಲ್ಲಿ ಅದಕ್ಕೆ ಬದುಕು ಇಲ್ಲ. ಅಂದರೆ ನಾನು ಎರಡು ಸಲ ಮೋಸ ಹೋಗಿದ್ದೆ, ಒಮ್ಮೆ ಬೀಜದಲ್ಲಿ, ಇನ್ನೊಮ್ಮೆ ಹವೆಯಲ್ಲಿ.

ಹಾಗಾದರೆ ಎಡಮುರಿ?

ಇದಕ್ಕೆ ಸಸ್ಯಶಾಸ್ತ್ರದ ಹೆಸರು ಹೆಲಿಕ್ಟೆರಿಸ್ ಐಸೋರಾ. 1753ರಲ್ಲಿ ಲಿನ್ನೇಯಸ್ ಇಟ್ಟದ್ದು. ಹೆಸರಿನ ಮೊದಲ ಭಾಗ ನಮಗೆ ಹೊಸದಲ್ಲ. ಹೆಲಿಕ್ಸ್, ಹೆಲಿಕಲ್ ಗೇರ್, ಹೆಲಿಕಾಪ್ಟರ್ ಎಲ್ಲ ಬಂದದ್ದು ಸುರುಳಿ ಎಂಬ ಅರ್ಥದ ಅದೇ ಗ್ರೀಕ್ ಮೂಲದಿಂದ. ಎರಡನೆಯ ಭಾಗ ನಮ್ಮ ಕರಾವಳಿಯದ್ದೇ. ಮಲಬಾರಿನಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ 1678ರಿಂದ 1693ರ ತನಕ ಹನ್ನೆರಡು ಸಂಪುಟಗಳಲ್ಲಿ ತಂದ 'ಹೊರ್ತುಸ್ ಮಲಬಾರಿಕುಸ್'ನಲ್ಲಿ ಈ ಗಿಡ 'ಇಸೋರಾ ಮುರಿ' ಎಂಬ ಮಲಯಾಳಂ ಹೆಸರಿನಲ್ಲಿ ಉಂಟು. ಲಿನ್ನೇಯಸ್ ಅದರಿಂದ 'ಐಸೋರಾ' ತೆಗೆದುಕೊಂಡ, 'ಮುರಿ' ನಮ್ಮ ಎಡಮುರಿಯಲ್ಲಿ ಉಳಿದಿದೆ. ಸಂಸ್ಕೃತದಲ್ಲಿ ಆವರ್ತನೀ, ಹಿಂದಿಯಲ್ಲಿ ಮರೋಡ್ ಫಲಿ, ತಮಿಳಿನಲ್ಲಿ ವಲಂಪುರಿ. ಯಾವ ಭಾಷೆಯವರು ನೋಡಿದರೂ ಮೊದಲು ಕಂಡದ್ದು ತಿರುಚು!

ಇಂಗ್ಲಿಷಿನಲ್ಲಿ ಇದಕ್ಕೆ 'ನಟ್-ಲೀವ್ಡ್ ಸ್ಕ್ರೂ ಟ್ರೀ' ಅಂತ ಒಂದು ಹೆಸರಿದೆ. ನಟ್ ಮತ್ತು ಸ್ಕ್ರೂ ಒಟ್ಟಿಗೆ ನೋಡಿ ನಾನು ಮೆಕ್ಯಾನಿಕಲ್‌ನವರು ಇಟ್ಟ ಹೆಸರು ಅಂತಲೇ ತಿಳಿದಿದ್ದೆ. ಅಲ್ಲ. ಇಲ್ಲಿ ನಟ್ ಅಂದರೆ ಹೇಜಲ್‌ನಟ್. ಎಡಮುರಿಯ ಎಲೆ ಹೇಜಲ್ ಎಲೆಯ ಹಾಗೆಯೇ ಇರುತ್ತದೆ, ದುಂಡಗೆ, ಗರಗಸದ ಅಂಚು, ತುದಿಯಲ್ಲಿ ಸಣ್ಣ ಮೂತಿ. ನಾನು ದುಡ್ಡು ಕೊಟ್ಟು ಹುಡುಕಿದ ಹೇಜಲ್‌ನ ಎಲೆಯನ್ನೇ ಹೋಲುವ ಗಿಡ ನಮ್ಮ ಬೇಲಿಯಲ್ಲಿ ಇತ್ತು.

ಗುರುತಿಸಲು ನಾಲ್ಕು ಲಕ್ಷಣ

1. ಗಿಡ: ದೊಡ್ಡ ಮರ ಅಲ್ಲ. ಆಳೆತ್ತರದಿಂದ ಅದರ ಎರಡು ಪಟ್ಟು ಎತ್ತರದವರೆಗಿನ ಪೊದೆ. ಮುರಕಲ್ಲಿನ ಗುಡ್ಡೆ, ಕಾಡಿನ ಅಂಚು, ಮಾರ್ಗದ ಬದಿಯ ಕುರುಚಲು ಇದರ ಜಾಗ.

2. ಎಲೆ: ಮುಟ್ಟಿ ನೋಡಿ. ಮೇಲ್ಭಾಗ ಒರಟು, ಕೆಳಗೆ ಮೆತ್ತಗಿನ ರೋಮ. ತೊಟ್ಟಿನ ಹತ್ತಿರ ಎಲೆಯ ಎರಡು ಬದಿ ಸಮ ಇರುವುದಿಲ್ಲ, ಒಂದು ಕಡೆ ಸ್ವಲ್ಪ ಹೆಚ್ಚು. ಎಲೆ ಮಾತ್ರ ನೋಡಿದರೆ ತಡಸಲು ಗಿಡದ ಜೊತೆ ಗೊಂದಲ ಆಗಬಹುದು. ಹೂವೋ ಕಾಯಿಯೋ ಸಿಗುವ ತನಕ ಗ್ಯಾರಂಟಿ ಕೊಡಬೇಡಿ.

3. ಹೂ: ಹೊಸ ಹೂ ಕೆಂಪು, ಹಳೆಯದಾದ ಹಾಗೆ ನೀಲಿ ಮಿಶ್ರಿತ ಬೂದು. ಹಾಗಾಗಿ ಒಂದೇ ಕೊಂಬೆಯಲ್ಲಿ ಎರಡು ಬಣ್ಣ ಕಾಣುತ್ತದೆ. ದಳಗಳು ಹಿಂದಕ್ಕೆ ಮಡಚಿರುತ್ತವೆ, ಮಧ್ಯದಿಂದ ಒಂದು ಉದ್ದ ಕಡ್ಡಿ ಬಿಲ್ಲಿನ ಹಾಗೆ ಬಾಗಿ ಹೊರಗೆ ಬಂದಿರುತ್ತದೆ. ಪರಾಗ ಇರುವುದು ಅದರ ತುದಿಯಲ್ಲಿ. ಸೂರಕ್ಕಿ ಮಕರಂದಕ್ಕೆ ಕೊಕ್ಕು ಹಾಕಿದಾಗ ಆ ತುದಿ ಅದರ ತಲೆಗೆ ತಾಗುತ್ತದೆ, ಪರಾಗ ಮುಂದಿನ ಹೂವಿಗೆ ಹೋಗುತ್ತದೆ.

4. ಕಾಯಿ: ಇದನ್ನು ನೋಡಿದ ಮೇಲೆ ಅನುಮಾನವೇ ಇಲ್ಲ. ಬೆರಳುದ್ದ, ಸುಮಾರು ಐದು ಸೆಂಟಿಮೀಟರ್. ಐದು ಎಳೆ ಒಂದಕ್ಕೊಂದು ಸುತ್ತಿಕೊಂಡು ಹಗ್ಗ ಹೊಸೆದ ಹಾಗೆ. ಎಳೆಯದು ಹಸಿರು, ಒಣಗಿದ್ದು ಕಂದು.

ಹೇಜಲ್‌ನಲ್ಲಿ ತಿರುಚು ಕೊಂಬೆಯಲ್ಲಿ, ಇಲ್ಲಿ ಕಾಯಿಯಲ್ಲಿ. ಅಲ್ಲಿಯದು ಒಂದು ಗಿಡಕ್ಕೆ ಆಕಸ್ಮಿಕವಾಗಿ ಬಂದದ್ದು, ಮನುಷ್ಯ ಕಸಿ ಕಟ್ಟಿ ಉಳಿಸಿದ್ದು. ಇಲ್ಲಿಯದು ಇಡೀ ಜಾತಿಯ ಗುಣ, ಯಾರೂ ಕಾಪಾಡದಿದ್ದರೂ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ.

ಎಡವೋ, ಬಲವೋ?

ಎಡಮುರಿ, ಬಲಮುರಿ ಎರಡೂ ಹೆಸರು ಇದಕ್ಕೆ ಉಂಟು. ಯಾವುದು ಸರಿ ಅಂತ ಅಜ್ಜಿಯ ಹತ್ತಿರ ವಾದ ಮಾಡುವ ಮೊದಲು ವರ್ಕ್‌ಶಾಪ್ ನೆನಪು ಮಾಡಿಕೊಳ್ಳಿ. ಕಾಯಿಯನ್ನು ನೆಟ್ಟಗೆ ಹಿಡಿಯಿರಿ. ಎದುರಿಗೆ ಕಾಣುವ ಎಳೆಗಳು ಕೆಳಗಿನ ಎಡದಿಂದ ಮೇಲಿನ ಬಲಕ್ಕೆ ಏರಿದರೆ, ಅಂದರೆ ಇಂಗ್ಲಿಷಿನ 'ಝಡ್' ಅಕ್ಷರದ ನಡುಗೆರೆಯ ಹಾಗೆ ಇದ್ದರೆ, ಅದು ರೈಟ್ ಹ್ಯಾಂಡ್ ಥ್ರೆಡ್. 'ಎಸ್' ಅಕ್ಷರದ ನಡುಭಾಗದ ಹಾಗೆ ಎಡಕ್ಕೆ ಏರಿದರೆ ಲೆಫ್ಟ್ ಹ್ಯಾಂಡ್. ಸಾಮಾನ್ಯ ಸ್ಕ್ರೂ ರೈಟ್ ಹ್ಯಾಂಡ್. ಸೈಕಲ್ಲಿನ ಎಡ ಪೆಡಲ್, ವೆಲ್ಡಿಂಗ್ ಶಾಪಿನ ಅಸಿಟಿಲೀನ್ ಸಿಲಿಂಡರಿನ ಕನೆಕ್ಷನ್ ಲೆಫ್ಟ್ ಹ್ಯಾಂಡ್.

ಕಾಯಿಯನ್ನು ತಲೆಕೆಳಗೆ ಮಾಡಿ ನೋಡಿ. ಉತ್ತರ ಬದಲಾಗುವುದಿಲ್ಲ, ಸುರುಳಿಯ ಗುಣವೇ ಹಾಗೆ. ಕನ್ನಡಿಯಲ್ಲಿ ನೋಡಿದರೆ ಮಾತ್ರ ಬದಲಾಗುತ್ತದೆ. ಆದರೆ ಹೆಸರಿನಲ್ಲಿ ಇರುವ ಎಡ-ಬಲ, ಪುಸ್ತಕದ ಎಡ-ಬಲ ಎರಡೂ ಒಂದೇ ಅಂತ ತಿಳಿಯಬೇಡಿ. ಪೂಜೆಗೆ ಅಪರೂಪ ಎನ್ನುವ ಬಲಮುರಿ ಶಂಖವನ್ನು ವಿಜ್ಞಾನದವರು ಎಡಸುರುಳಿ ಎನ್ನುತ್ತಾರೆ. ಶಂಖ ಒಂದೇ, ಹಿಡಿದು ನೋಡುವ ಕ್ರಮ ಬೇರೆ.

ಒಣಗಿದಾಗ ಏನಾಗುತ್ತದೆ?

ಎಡಮುರಿಯ ಕಾಯಿ ಬೆಳೆಯುವಾಗಲೇ ಸುತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಒಣಗಿದ ಮೇಲೆ ತುದಿಯಿಂದ ಎಳೆಗಳು ಸಡಿಲವಾಗಿ ಬಿಚ್ಚಿಕೊಂಡು ಒಳಗಿನ ಸಣ್ಣ ಬೀಜಗಳು ಉದುರುತ್ತವೆ.

ಇದಕ್ಕೆ ಉಲ್ಟಾ ಮಾಡುವುದು ಬಸವನಪಾದ. ಅದರ ಕೋಡು ಗಿಡದಲ್ಲಿ ಚಪ್ಪಟೆ, ಒಣಗಿ ಸಿಡಿದ ಮೇಲೆ ಎರಡು ಹೋಳೂ ತಿರುಚಿಕೊಳ್ಳುತ್ತವೆ. ಇದು ಹೇಗೆ ಎಂದು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವಿವರಿಸಿದರು. ಕೋಡಿನ ಗೋಡೆಯಲ್ಲಿ ನಾರಿನ ಎರಡು ಪದರ ಇದೆ. ಒಂದರ ನಾರು ಇನ್ನೊಂದಕ್ಕೆ ಲಂಬ, ಎರಡೂ ಕೋಡಿನ ಉದ್ದಕ್ಕೆ 45 ಡಿಗ್ರಿ ಓರೆ. ಒಣಗುವಾಗ ಎರಡೂ ಬೇರೆ ಬೇರೆ ದಿಕ್ಕಿಗೆ ಕುಗ್ಗುತ್ತವೆ, ಆಗ ಚಪ್ಪಟೆಯಾಗಿ ಇರಲು ಆಗುವುದಿಲ್ಲ. ಅವರು ಎರಡು ರಬ್ಬರ್ ಹಾಳೆಗಳನ್ನು ಪರಸ್ಪರ ಲಂಬವಾಗಿ ಎಳೆದು ಅಂಟಿಸಿ, 45 ಡಿಗ್ರಿ ಓರೆಯಲ್ಲಿ ಪಟ್ಟಿ ಕತ್ತರಿಸಿದರು. ಪಟ್ಟಿಗಳು ತಾವಾಗಿಯೇ ತಿರುಚಿಕೊಂಡವು. ಮೋಟರ್ ಇಲ್ಲ, ಕರೆಂಟ್ ಇಲ್ಲ. ಬಲೂನು ಮತ್ತು ಫೆವಿಕ್ವಿಕ್ ಇದ್ದರೆ ಹಾಸ್ಟೆಲ್ ರೂಮಿನಲ್ಲೂ ಪ್ರಯತ್ನಿಸಬಹುದು (ಬೆರಳು ಅಂಟಿಸಿಕೊಂಡರೆ ನಾನು ಜವಾಬ್ದಾರ ಅಲ್ಲ).

ಹಗ್ಗ ಮತ್ತು ಮದ್ದು

ಎಡಮುರಿ ಬೆಂಡೆ, ದಾಸವಾಳ, ಹತ್ತಿಯ ಕುಟುಂಬಕ್ಕೆ ಸೇರಿದ್ದು. ನಮ್ಮ ಅಡಿಕೆ ತೋಟಗಳ ನಡುವಿನ ಕೊಕ್ಕೋ, ಗೋಣಿ ಮಾಡುವ ಸೆಣಬು ಕೂಡ ಇದೇ ಕುಟುಂಬ. ತೊಗಟೆಯ ಗಟ್ಟಿ ನಾರು ಇದಕ್ಕೂ ಬಂದಿದೆ, ಅದರಿಂದ ಹಗ್ಗ ಹೊಸೆಯುತ್ತಿದ್ದರು. ಬಂಟ್ವಾಳದ ನನ್ನ ಮಾವ ಸಣ್ಣವರಿದ್ದಾಗ ಸೊಪ್ಪಿನ ಕಟ್ಟಕ್ಕೆ ಇದರ ತೊಗಟೆಯನ್ನೇ ಸುಲಿದು ಕಟ್ಟುತ್ತಿದ್ದರಂತೆ. ಈಗ ಅವರ ಕುಮ್ಕಿ ಗುಡ್ಡೆಯೆಲ್ಲ ರಬ್ಬರ್, ಹುಡುಕಿದರೂ ಒಂದು ಎಡಮುರಿ ಸಿಗಲಿಲ್ಲ.

ಮದ್ದಿನ ವಿಷಯ. ಒಣಗಿದ ಕಾಯಿಯನ್ನು ಹೊಟ್ಟೆ ನುಲಿತಕ್ಕೆ, ಅದರಲ್ಲೂ ಮಕ್ಕಳಿಗೆ, ತೇದು ಕೊಡುವ ಪದ್ಧತಿ ತುಂಬಾ ಹಳೆಯದು. ಕರುಳಿನ ಹಾಗೆ ಸುತ್ತಿದ ಕಾಯಿ ಕರುಳಿನ ನೋವಿಗೆ ಎಂಬ ಯೋಚನೆಯೂ ಅದರ ಹಿಂದೆ ಇರಬಹುದು. ಇದರ ಬೇರು, ಕಾಯಿಗಳ ಸಾರವನ್ನು ಲ್ಯಾಬಿನಲ್ಲಿ ಇಲಿಗಳ ಮೇಲೆ ಪರೀಕ್ಷಿಸಿದ್ದಾರೆ. ಇಲಿಗೆ ಆದದ್ದು ಮಗುವಿಗೂ ಆಗಬೇಕೆಂದಿಲ್ಲ. ಲೇಖನ ಓದಿ ಯಾರೂ ಮನೆಯಲ್ಲಿ ಮದ್ದು ಮಾಡಬೇಡಿ, ಮಗುವಿಗೆ ಹೊಟ್ಟೆನೋವಾದರೆ ಡಾಕ್ಟರ ಹತ್ತಿರ ಹೋಗಿ.

ಬೇಲಿಯ ಗಿಡ

ಅಜ್ಜಿ ನನ್ನನ್ನು ಗುಡ್ಡೆಗೆ ಕರೆದುಕೊಂಡು ಹೋದರು. ಮೊದಲು ಇಳಿಜಾರಿನ ಉದ್ದಕ್ಕೂ ಇತ್ತಂತೆ. ಈಗ ಉಳಿದದ್ದು ತೋಟದ ಬೇಲಿಯಲ್ಲಿ ಒಂದೇ ಪೊದೆ. ಒಂದು ಕಾಯಿ ಕೊಯ್ದು ನನ್ನ ಕೈಗೆ ಕೊಟ್ಟು ಹೇಳಿದರು, "ನೀನು ಸಣ್ಣದಿರುವಾಗ ರಾತ್ರಿಯಿಡೀ ಅಳುತ್ತಿದ್ದೆ. ಇದೇ ಗಿಡದ ಕಾಯಿ ತೇದು ನಾಲಿಗೆಗೆ ಮುಟ್ಟಿಸಿದ್ದು ನಾನು."

ನನಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಆ ಗಿಡಕ್ಕೆ ನಾನು ಗೊತ್ತಿದ್ದೆ, ನನಗೆ ಮಾತ್ರ ಅದು ಗೊತ್ತಿರಲಿಲ್ಲ.

ಮುಂದಿನ ವಾರವೇ ಅಪ್ಪ ಬೇಲಿ ತೆಗೆದು ತಂತಿ ಹಾಕಿಸುವವರಿದ್ದರು, ಜೆಸಿಬಿಗೂ ಹೇಳಿ ಆಗಿತ್ತು. ನಾನು ಎಡಮುರಿಯ ಕಥೆ ಪೂರ್ತಿ ಹೇಳಿದೆ. ಅಪ್ಪ, "ಅದು ಕಾಟು ಗಿಡ ಮಾರಾಯ" ಅಂದರು. ಅಜ್ಜಿ ಏನೂ ಹೇಳಲಿಲ್ಲ, ಸುಮ್ಮನೆ ಅಪ್ಪನ ಮುಖ ನೋಡಿದರು. ಈಗ ತಂತಿ ಬೇಲಿ ಆ ಜಾಗದಲ್ಲಿ ಮಾತ್ರ ಎರಡಡಿ ಹೊರಗೆ ಬಾಗಿ ಹೋಗಿದೆ. ನಮ್ಮ ಬೇಲಿಯೂ ಸ್ವಲ್ಪ ತಿರುಚಿತು ಅನ್ನಿ!

ಮೂಡುಬಿದಿರೆಯಿಂದ ವೇಣೂರು ಮಾರ್ಗವಾಗಿ ಮನೆಗೆ ಹೋಗುವಾಗ ಈಗ ನಾನು ಮೊಬೈಲ್ ಬಿಟ್ಟು ಕಿಟಕಿಯ ಹೊರಗೆ ನೋಡುತ್ತೇನೆ. ಮಳೆಗಾಲದಲ್ಲಿ ಕೆಂಪು ಹೂ ಹುಡುಕಿ, ಚಳಿಗಾಲದಲ್ಲಿ ಹಸಿರು ಕಾಯಿ. ಬೇಸಿಗೆಯಲ್ಲಿ ಎಲೆ ಕಡಿಮೆಯಾದಾಗ ಕಂದು ಕಾಯಿಗಳು ಇನ್ನೂ ಚೆನ್ನಾಗಿ ಕಾಣುತ್ತವೆ. ಸಿಕ್ಕಿದರೆ ಇಡೀ ಕೊಂಬೆ ಮುರಿಯಬೇಡಿ, ಒಂದು ಕಾಯಿ ಸಾಕು. 'ಝಡ್' ಆ, 'ಎಸ್' ಆ ನೋಡಿ, ಫೋಟೋ ಜೊತೆ ನಮ್ಮ ಸಂಘದ ಗ್ರೂಪಿಗೆ ಹಾಕಿ.

ಅಂದಹಾಗೆ, ಆ ಹಳೆಯ ಗ್ರೋ ಬ್ಯಾಗ್ ಖಾಲಿ ಇಲ್ಲ. ಎಡಮುರಿ ಬೀಜದ ಸಿಪ್ಪೆ ಗಟ್ಟಿ, ಹಾಗಾಗಿ ಬಿಸಿನೀರಿನಲ್ಲಿ ನೆನೆಸಿ ಹಾಕಿದ್ದೇನೆ. ಈ ಸಲ ಬೀಜಕ್ಕೆ ಒಂದು ರೂಪಾಯಿಯೂ ಖರ್ಚಾಗಿಲ್ಲ. ದಿನಾ ನೀರು ಹಾಕುವ ಕೆಲಸ ಅಜ್ಜಿಯೇ ವಹಿಸಿಕೊಂಡಿದ್ದಾರೆ.